ಹಿತ್ತಲಿನ ಕಸ ಹಿತ್ತಲಿನಲ್ಲಿಯೇ: ಕೊಂಬೆ, ಗರಿ ಮತ್ತು ತರಗೆಲೆಗಳ ವಿಲೇವಾರಿ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಕಸ ವಿಲೇವಾರಿಯ ಮಾತು ಬಂದಾಗ ಗ್ರಾಮ ಪಂಚಾಯತಿಯ ಸಭೆಗಳಲ್ಲಿ ಮೊದಲು ಚರ್ಚೆಗೆ ಬರುವುದು ಪ್ಲಾಸ್ಟಿಕ್. ಹಸಿ ಕಸ ಮತ್ತು ಒಣ ಕಸದ ಬುಟ್ಟಿಗಳ ವಿತರಣೆ, ಸ್ವಚ್ಛ ವಾಹಿನಿಯ ಮಾರ್ಗ ಮತ್ತು ಸಮಯ, ಮನೆಗಳಿಂದ ಸಂಗ್ರಹಿಸಬೇಕಾದ ಶುಲ್ಕ ಇವುಗಳನ್ನು ಕುರಿತು ಸಾಕಷ್ಟು ಸುತ್ತೋಲೆಗಳು ಸದಸ್ಯರನ್ನು ತಲುಪಿವೆ. ಆದರೆ ಆ ಎರಡು ಬುಟ್ಟಿಗಳಲ್ಲಿ ಯಾವುದರಲ್ಲಿಯೂ ಹಿಡಿಸದ ಕಸವೊಂದಿದೆ. ತೆಂಗಿನ ಗರಿ, ಎಡೆಮಟ್ಟೆ, ಹೊಂಬಾಳೆ, ಸವರಿದ ಬೇಲಿಯ ರೆಂಬೆ, ಮಾವು ಹಲಸುಗಳ ತರಗೆಲೆ, ಕಿತ್ತ ಕಳೆ, ಗೊನೆ ಕಡಿದ ಬಾಳೆಯ ದಿಂಡು ಇವೆಲ್ಲವೂ ಅದರಲ್ಲಿ ಸೇರುತ್ತವೆ. ಹಳ್ಳಿಯಲ್ಲಿ ಇದನ್ನು ಕಸವೆಂದು ಯಾರೂ ಭಾವಿಸುವುದಿಲ್ಲ. ಸೊಪ್ಪು ಸದೆ ಎನ್ನುತ್ತಾರೆ. ಕಸವೆಂದು ಭಾವಿಸದ ಕಾರಣದಿಂದಲೇ ಇದಕ್ಕೆ ಒಂದು ಜಾಗವನ್ನು ಯಾರೂ ಗೊತ್ತು ಮಾಡಿರುವುದಿಲ್ಲ. ಜಾಗ ಗೊತ್ತಿಲ್ಲದ ಸದೆಯು ಚರಂಡಿಗೆ ಹೋಗುತ್ತದೆ, ರಸ್ತೆಯ ಅಂಚಿಗೆ ಹೋಗುತ್ತದೆ, ಕೊನೆಗೆ ಬೆಂಕಿಗೆ ಹೋಗುತ್ತದೆ.

ಮಾಗಿಯ ಬೆಳಗಿನಲ್ಲಿ ಯಾವ ಊರಿನಲ್ಲಿಯಾದರೂ ಕಾಣಬಹುದಾದ ಪ್ರಸಂಗವೊಂದನ್ನು ಗಮನಿಸಬಹುದು. ಮನೆಯ ಹಿರಿಯಾಕೆ ಅಂಗಳ ಗುಡಿಸಿ ತರಗೆಲೆಯನ್ನು ರಸ್ತೆಯ ಬದಿಗೆ ರಾಶಿ ಮಾಡಿ ಕಡ್ಡಿ ಗೀರುತ್ತಾರೆ. ಇಬ್ಬನಿಗೆ ನೆಂದ ಎಲೆ ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಎದುರಿಗೆ ಅಂಗನವಾಡಿ. ಉಬ್ಬಸವಿರುವ ಮಗುವಿನ ತಾಯಿ ವಾರ್ಡಿನ ಸದಸ್ಯರಿಗೆ ದೂರು ಹೇಳುತ್ತಾರೆ. ಸದಸ್ಯರು ಬಂದು, “ಸುಡಬೇಡಿ ಅಜ್ಜಿ” ಎಂದರೆ ಅಜ್ಜಿ ಕೇಳುತ್ತಾರೆ: “ಸುಡದೆ ಇನ್ನೇನು ಮಾಡಲಪ್ಪ? ನಿಮ್ಮ ಗಾಡಿಯವರು ಇದನ್ನ ಮುಟ್ಟಲ್ಲ ಅಂತಾರೆ.” ಸದಸ್ಯರಲ್ಲಿ ಉತ್ತರವಿರುವುದಿಲ್ಲ. ಮರುದಿನವೂ ಹೊಗೆ ಏಳುತ್ತದೆ, ಮಗುವಿನ ಕೆಮ್ಮು ನಿಲ್ಲುವುದಿಲ್ಲ, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ.

ಅಜ್ಜಿಯ ಪ್ರಶ್ನೆ ನ್ಯಾಯವಾದುದು. ಸುಡಬಾರದೆಂದು ಹೇಳುವ ಮೊದಲು ಎಲ್ಲಿ ಹಾಕಬೇಕೆಂಬುದನ್ನು ಹೇಳಲು ಸದಸ್ಯರಿಗೆ ಗೊತ್ತಿರಬೇಕು. ಬಹುತೇಕ ಮನೆಗಳ ಮಟ್ಟಿಗೆ ಆ ಜಾಗ ಅದೇ ಮನೆಯ ಹಿತ್ತಲು. ಅದು ಹೇಗೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಗಾಡಿ ಏಕೆ ಒಯ್ಯಲಾರದು

ಗಾಡಿಯವರು ಸೊಪ್ಪು ಸದೆಯನ್ನು ನಿರಾಕರಿಸುವುದು ಸೋಮಾರಿತನದಿಂದಲ್ಲ. ತೆಂಗಿನ ಮರವೊಂದು ಸರಾಸರಿ ತಿಂಗಳಿಗೆ ಒಂದರಂತೆ ವರ್ಷಕ್ಕೆ ಸುಮಾರು 12 ಗರಿಗಳನ್ನು ಉದುರಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ 250 ಮನೆಗಳ ಒಂದು ಊರಿನಲ್ಲಿ ಮನೆಗೆ ಎರಡೇ ಹಿತ್ತಲ ಮರಗಳೆಂದು ಲೆಕ್ಕ ಹಿಡಿದರೂ 500 ಮರಗಳಿಂದ ವರ್ಷಕ್ಕೆ 6,000 ಗರಿ, ಅಂದರೆ ದಿನಕ್ಕೆ 16 ಗರಿ ಬೀಳುತ್ತವೆ. ಒಂದೊಂದು ಗರಿಯ ಉದ್ದ 15ರಿಂದ 18 ಅಡಿ. ಸ್ವಚ್ಛ ವಾಹಿನಿಯ ಪೆಟ್ಟಿಗೆಯ ಉದ್ದ ಇದರ ಅರ್ಧದಷ್ಟೂ ಇರುವುದಿಲ್ಲ. ನಾಲ್ಕಾರು ಗರಿಗಳನ್ನು ಹೇರಿದರೆ ಮನೆಮನೆಯ ಕಸಕ್ಕೆ ಜಾಗವಿಲ್ಲ. ತರಗೆಲೆಯದು ಬೇರೆ ತೊಂದರೆ: ತೂಕವಿಲ್ಲ, ಗಾತ್ರ ಮಾತ್ರ. ಗಾಡಿ ತುಂಬಿ ಹೋದರೂ ಘಟಕದಲ್ಲಿ ಇಳಿಯುವುದು ಕೆಲವೇ ಬುಟ್ಟಿಯಷ್ಟು ಸರಕು. ಡೀಸೆಲ್ ಖರ್ಚು ಮಾತ್ರ ತುಂಬಿದ ಗಾಡಿಯದೇ.

ಸ್ವಚ್ಛ ವಾಹಿನಿಯನ್ನು ಹಲವು ಪಂಚಾಯತಿಗಳಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳೆಯರೇ ನಡೆಸುತ್ತಿದ್ದಾರೆ. ಬೋಗನ್‌ವಿಲ್ಲಾ, ಜಾಲಿ, ನಿಂಬೆಗಳ ಮುಳ್ಳಿನ ರೆಂಬೆಗಳನ್ನು ಹಸಿ ಕಸದೊಂದಿಗೆ ಬೆರೆಸಿ ಕೊಟ್ಟಾಗ ಕೈ ಸೀಳುವುದು ಅವರದು. ಹಿತ್ತಲಿನಲ್ಲಿಯೇ ಕೊಳೆತು ಗೊಬ್ಬರವಾಗಬಲ್ಲ ವಸ್ತುವನ್ನು ಅವರ ಕೈಯಿಂದ ಎತ್ತಿಸಿ, ಡೀಸೆಲ್ ಸುಟ್ಟು ಊರಾಚೆಗೆ ಸಾಗಿಸಿ, ಅಲ್ಲಿ ಮತ್ತೆ ಕೊಳೆಯಿಸುವುದು ಯಾವ ಲೆಕ್ಕದಲ್ಲಿಯೂ ಸರಿಹೊಂದುವುದಿಲ್ಲ.

ಸುಟ್ಟಾಗ ಹೋಗುವುದೇನು, ಉಳಿಯುವುದೇನು

ಬೂದಿ ಗೊಬ್ಬರವೆಂಬ ನಂಬಿಕೆ ರೈತರಲ್ಲಿ ಹಳೆಯದು, ಅದು ಸುಳ್ಳೂ ಅಲ್ಲ. ಪೊಟ್ಯಾಷ್, ಸುಣ್ಣ, ಸ್ವಲ್ಪ ರಂಜಕ ಬೂದಿಯಲ್ಲಿ ಉಳಿಯುತ್ತವೆ. ಹೋಗುವುದು ಸಾರಜನಕ ಮತ್ತು ಸಾವಯವ ಇಂಗಾಲ. ಒಣಭೂಮಿಯ ಮಣ್ಣಿನಲ್ಲಿ ಮೊದಲೇ ಕೊರತೆಯಿರುವುದು ಇವೆರಡರದ್ದೇ. ಹಿತ್ತಲಿನ ಎಲೆಯನ್ನು ಸುಟ್ಟ ರೈತನೇ ಮಳೆ ಹಿಡಿದ ಮೇಲೆ ಯೂರಿಯಾ ಚೀಲಕ್ಕೆ ಸಾಲಿನಲ್ಲಿ ನಿಲ್ಲುತ್ತಾನೆ.

ಹೊಗೆಯ ವಿಷಯವನ್ನು ಸದಸ್ಯರು ಹಗುರವಾಗಿ ಕಾಣಬಾರದು. ಒದ್ದೆ ಎಲೆ ಪೂರ್ಣವಾಗಿ ಉರಿಯದೆ ಇಂಗಾಲದ ಮಾನಾಕ್ಸೈಡ್ ಅನಿಲವನ್ನೂ ಅತಿ ಸೂಕ್ಷ್ಮ ಕಣಗಳನ್ನೂ ಹೊರಬಿಡುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕದಾದ ಈ ಕಣಗಳು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಭಾಗದಷ್ಟಿದ್ದು, ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇದಲ್ಲದೆ ಅಂಗಳದ ತರಗೆಲೆ ರಾಶಿಯಲ್ಲಿ ಬರಿಯ ತರಗೆಲೆ ಇರುವುದು ಅಪರೂಪ. ಹಾಲಿನ ಪ್ಯಾಕೆಟ್, ಶಾಂಪೂ ಚೀಟಿ, ಗುಟ್ಕಾ ಪೊಟ್ಟಣಗಳು ಜೊತೆಗೇ ಬೇಯುತ್ತವೆ. ಬೇಸಿಗೆಯಲ್ಲಿ ಇದೇ ರಾಶಿಯ ಕಿಡಿ ಹುಲ್ಲಿನ ಬಣವೆಗೆ ಹಾರಿದರೆ ಒಂದು ವರ್ಷದ ಮೇವು ಒಂದು ಗಂಟೆಯಲ್ಲಿ ಹೋಗುತ್ತದೆ.

ಕಾನೂನಿನ ಸ್ಥಿತಿಯನ್ನೂ ತಿಳಿದಿರುವುದು ಒಳ್ಳೆಯದು. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಘನ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತೋಟದ ತ್ಯಾಜ್ಯವನ್ನು ಉತ್ಪಾದಕರು ತಮ್ಮ ಆವರಣದಲ್ಲಿಯೇ ಪ್ರತ್ಯೇಕವಾಗಿ ಇರಿಸಿಕೊಂಡು ಸ್ಥಳೀಯ ಸಂಸ್ಥೆಯ ನಿರ್ದೇಶನದಂತೆ ವಿಲೇವಾರಿ ಮಾಡತಕ್ಕದ್ದೆಂದೂ, ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ, ಕೆರೆಕಟ್ಟೆಗಳಲ್ಲಿ ಎಸೆಯುವುದು, ಸುಡುವುದು, ಹೂಳುವುದು ಕೂಡದೆಂದೂ ಹೇಳಲಾಗಿತ್ತು. 2016ರ ಆ ನಿಯಮಗಳಲ್ಲಿ ನೇರವಾಗಿ ಹೆಸರಿಸಿದ್ದುದು ನಗರ ಸ್ಥಳೀಯ ಸಂಸ್ಥೆ, ಜನಗಣತಿ ಪಟ್ಟಣ, ನಗರದ ಹೊರಬೆಳವಣಿಗೆ ಮುಂತಾದ ಪ್ರದೇಶಗಳನ್ನು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರ ಆದೇಶದಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ ಸುಡುವಿಕೆಗೆ 25,000 ರೂಪಾಯಿ ಪರಿಹಾರ ಮೊತ್ತವನ್ನು ಗೊತ್ತುಪಡಿಸಿತು. ಆದರೆ ಅಂಗಳ ಗುಡಿಸುವ ಅಜ್ಜಿಗೆ 5,000 ರೂಪಾಯಿಯ ನೋಟಿಸು ಕೊಡುವ ಪಂಚಾಯತಿ ಯಾವುದೂ ಇಲ್ಲ, ಇರಲೂ ಬಾರದು. ದಂಡವು ಕೊನೆಯ ಮೆಟ್ಟಿಲು. ಅದಕ್ಕಿಂತ ಮೊದಲಿನ ಮೆಟ್ಟಿಲುಗಳನ್ನು ಕಟ್ಟದೆ ಕೊನೆಯದಕ್ಕೆ ಹಾರುವುದರಿಂದ ಕಸ ರಾತ್ರಿಯ ಹೊತ್ತಿನಲ್ಲಿ ಸುಡಲ್ಪಡುತ್ತದೆ, ಅಷ್ಟೆ.

ಮೊದಲ ಕೆಲಸ: ದಪ್ಪ ನೋಡಿ ಬೇರೆ ಮಾಡುವುದು

ಸೊಪ್ಪು ಸದೆಯನ್ನೆಲ್ಲ ಒಂದೇ ರಾಶಿಗೆ ಹಾಕಿದರೆ ಅದು ವರ್ಷವಾದರೂ ಕೊಳೆಯುವುದಿಲ್ಲ. ಎಲೆ ಕರಗುತ್ತದೆ, ಕಡ್ಡಿ ಹಾಗೆಯೇ ನಿಲ್ಲುತ್ತದೆ, ನಡುವೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. “ಗೊಬ್ಬರದ ರಾಶಿ ಹಾವಿನ ಮನೆ” ಎಂದು ಮನೆಯವರು ಆಕ್ಷೇಪಿಸುವುದು ಈ ಅನುಭವದಿಂದಲೇ. ಆದುದರಿಂದ ಕತ್ತರಿಸಿದ ದಿನವೇ ದಪ್ಪ ನೋಡಿ ಬೇರೆ ಮಾಡಬೇಕು.

ಮುಂಗೈ ದಪ್ಪದ ಮತ್ತು ಅದಕ್ಕೆ ಮೇಲ್ಪಟ್ಟ ಕೊಂಬೆ ಸೌದೆ. ಅದನ್ನು ನೆಲದಿಂದ ಮೇಲೆ, ಕಲ್ಲಿನ ಮೇಲೆ ಜೋಡಿಸಿ ಒಣಗಿಸಿದರೆ ಬಚ್ಚಲ ಒಲೆಗೆ ಆಗುತ್ತದೆ. ಒಲೆಯ ಬೂದಿ ಗಿಡದ ಬುಡಕ್ಕೆ ಹೋಗಲಿ. ಹೆಬ್ಬೆರಳಿನ ದಪ್ಪದ ರೆಂಬೆಗಳನ್ನು ಮಚ್ಚಿನಿಂದ ಒಂದು ಗೇಣಿನ ತುಂಡುಗಳಾಗಿ ಕಡಿದು ತೆಂಗು, ಮಾವು, ಸಪೋಟಗಳ ಪಾತಿಯಲ್ಲಿ ಹರಡಬಹುದು. ಮುಳ್ಳಿನ ರೆಂಬೆ ಸಂದಿರುವ ಬೇಲಿಗೆ ತುರುಕಲು ಬೇಕೇ ಬೇಕು. ಉಳಿದದ್ದು, ಎಂದರೆ ಎಲೆ, ಎಳೆ ಚಿಗುರು, ಹುಲ್ಲು, ಕಳೆ, ಗೊಬ್ಬರದ ರಾಶಿಗೆ.

ಇದರಲ್ಲಿ ಪಾತಿಗೆ ಹರಡುವುದು ಎಲ್ಲಕ್ಕಿಂತ ಸುಲಭವಾದ ವಿಧಾನವಾದರೂ ಎಲ್ಲಕ್ಕಿಂತ ಕಡಿಮೆ ಪ್ರಚಾರ ಪಡೆದಿರುವುದು ವಿಚಿತ್ರ. ಗುಂಡಿ ಬೇಡ, ತೊಟ್ಟಿ ಬೇಡ, ಅನುದಾನ ಬೇಡ. ನಾಲ್ಕು ಅಂಗುಲ ದಪ್ಪಕ್ಕೆ ತರಗೆಲೆ ಹಾಸಿದರೆ ನೆಲದ ತೇವ ಆರುವುದು ಕಡಿಮೆಯಾಗುತ್ತದೆ, ಕಳೆ ಏಳುವುದಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಪದರ ಮಣ್ಣಾಗಿರುತ್ತದೆ. ಕಾಂಡಕ್ಕೆ ತಾಗದಂತೆ ಅರ್ಧ ಅಡಿ ಬಿಟ್ಟು ಹಾಸಬೇಕು. ತಾಗಿಸಿದರೆ ಬುಡ ಕೊಳೆಯುವ, ಗೆದ್ದಲು ಹತ್ತುವ ಸಂಭವವಿದೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡಿದ ಹಾಲುವಾಣದ ಸೊಪ್ಪನ್ನು ಗಿಡಗಳ ನಡುವೆಯೇ ಬಿಡುವ ಪದ್ಧತಿ ತಲೆಮಾರುಗಳಿಂದ ಇದೆ. ತೋಟದಲ್ಲಿ ಮಾಡುವುದನ್ನು ಮನೆಯ ಹಿತ್ತಲಿನಲ್ಲಿ ಮಾಡದಿರಲು ಕಾರಣವಿಲ್ಲ.

ತೆಂಗಿನ ಗರಿ, ಮಟ್ಟೆ, ಕರಟ

ಗರಿಯಿಂದ ಮೊದಲು ಕಡ್ಡಿ ಬಿಡಿಸಿ ಪೊರಕೆ ಕಟ್ಟುವುದು ಎಲ್ಲರಿಗೂ ಗೊತ್ತಿದೆ. ಉಳಿದ ಎಲೆಭಾಗವನ್ನು ಎರಡು ಮೂರು ತುಂಡು ಮಾಡಿ ಮರದ ಪಾತಿಗೇ ಹಾಸಬಹುದು. ಎಡೆಮಟ್ಟೆ ಗಟ್ಟಿಯಾದುದರಿಂದ ಸೌದೆಗೆ ಒಣಗಿಸುವುದೇ ಸೂಕ್ತ.

ಸುಲಿದ ಕಾಯಿಯ ಮಟ್ಟೆ ಚರಂಡಿ ಕಟ್ಟುವ ವಸ್ತುಗಳಲ್ಲಿ ಮೊದಲನೆಯದು. ಹಿತ್ತಲಿನಲ್ಲಿ ಹೂತರೆ ಅದೇ ನೀರಿನ ಉಗ್ರಾಣ. ಮರದ ಬುಡದಿಂದ ಸುಮಾರು 10 ಅಡಿ ದೂರದಲ್ಲಿ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಮಟ್ಟೆಯ ಒಳಮೈ ಮೇಲೆ ಬರುವಂತೆ ಪದರಗಳಲ್ಲಿ ಜೋಡಿಸಿ, ಪ್ರತಿ ಪದರದ ಮೇಲೆ ಮಣ್ಣು ಎಳೆಯಬೇಕು. ಒಳಮೈ ಮೇಲಿದ್ದರೆ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಕವುಚಿ ಹಾಕಿದರೆ ನೀರು ಜಾರಿ ಹೋಗುತ್ತದೆ. ಹೂತ ಮಟ್ಟೆಯ ಪ್ರಯೋಜನ ಐದಾರು ವರ್ಷ ಸಿಗುತ್ತದೆ. ಬರದ ವರ್ಷಗಳಲ್ಲಿ ತೆಂಗು ಕಳೆದುಕೊಂಡ ತಾಲ್ಲೂಕುಗಳಲ್ಲಿ ಇದನ್ನು ಕಸದ ವಿಲೇವಾರಿ ಎನ್ನುವುದಕ್ಕಿಂತ ನೀರಿನ ಕೆಲಸವೆಂದು ಹೇಳಿದರೆ ಜನ ಬೇಗ ಒಪ್ಪುತ್ತಾರೆ.

ಕರಟ ಮತ್ತು ಹೊಂಬಾಳೆ, ಅಡಿಕೆಯಿರುವ ಮನೆಗಳಲ್ಲಿ ಹಾಳೆ, ಇವುಗಳನ್ನು ಮಳೆಗಾಲದಲ್ಲಿ ಅಂಗಾತ ಬಿಡಬಾರದು. ನಿಂತ ನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಕವುಚಿ ಇಡಬೇಕು, ಇಲ್ಲವೇ ಸೀಳಿ ಹಾಕಬೇಕು. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ತೊಟ್ಟಿ, ಡ್ರಮ್ಮುಗಳ ಜೊತೆಗೆ ಹಿತ್ತಲಿನ ಈ ರಾಶಿಯನ್ನೂ ತೋರಿಸುವಂತೆ ಮನೆಯವರಿಗೆ ಹೇಳುವುದು ಸದಸ್ಯರಿಂದ ಆಗಬೇಕು.

ಗೊಬ್ಬರದ ರಾಶಿ ಮಾಡುವ ಕ್ರಮ

ರಾಶಿ ಕೊಳೆಯುವುದು ಸೂಕ್ಷ್ಮಜೀವಿಗಳ ಕೆಲಸ. ಅವುಗಳಿಗೆ ಇಂಗಾಲ ಆಹಾರ, ಸಾರಜನಕ ಮೈ ಬೆಳೆಸುವ ಸಾಮಗ್ರಿ. ಸುಮಾರು 30 ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕವಿದ್ದಾಗ ಕೆಲಸ ಚುರುಕಾಗಿ ನಡೆಯುತ್ತದೆ. ಒಣ ತರಗೆಲೆಯಲ್ಲಿ ಇಂಗಾಲ ಬಹಳ ಹೆಚ್ಚು, ಸಾರಜನಕ ಕಡಿಮೆ. ಆದುದರಿಂದಲೇ ಬರಿಯ ತರಗೆಲೆಯ ರಾಶಿ ವರ್ಷಗಟ್ಟಲೆ ಹಾಗೆಯೇ ಕುಳಿತಿರುತ್ತದೆ. ಹಸಿ ಹುಲ್ಲು, ಕಳೆ, ತರಕಾರಿ ಸಿಪ್ಪೆ, ಸಗಣಿ, ಗಂಜಲಗಳಲ್ಲಿ ಸಾರಜನಕ ಸಾಕಷ್ಟಿದೆ. ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ, ಒಂದು ಬೊಗಸೆ ಹಳೆಯ ಗೊಬ್ಬರದ ಮಣ್ಣು: ಮನೆಯ ಮಟ್ಟಿಗೆ ಇಷ್ಟು ಅಳತೆ ನೆನಪಿಟ್ಟರೆ ಸಾಕು. ದನವಿಲ್ಲದ ಮನೆಗಳು ಈಗ ಹೆಚ್ಚಾಗಿವೆ. ಅಂಥವರು ನೆರೆಮನೆಯಿಂದ ತಿಂಗಳಿಗೊಂದು ಬುಟ್ಟಿ ಸಗಣಿ ತಂದರೂ ಸಾಗುತ್ತದೆ. ಬೇಲಿಯಲ್ಲಿ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡವಿದ್ದರೆ ಅದರ ಸೊಪ್ಪೇ ಸಾರಜನಕದ ಮೂಲ.

ರಾಶಿಯ ಗಾತ್ರ ಮುಖ್ಯ. ಚಿಕ್ಕ ರಾಶಿಯಲ್ಲಿ ಹುಟ್ಟಿದ ಶಾಖ ಮೈಯಿಂದ ಆರಿಹೋಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಮೂರು ಅಡಿಯಷ್ಟಾದರೂ ಇದ್ದಾಗ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ತನಕ ಶಾಖ ನಿಲ್ಲುತ್ತದೆ. ಕಳೆಯ ಬೀಜ ಸಾಯುವುದು ಈ ಶಾಖದಲ್ಲಿ. ಪರೀಕ್ಷೆಗೆ ಉಪಕರಣ ಬೇಡ: ಕಬ್ಬಿಣದ ಸಲಾಕೆಯೊಂದನ್ನು ರಾಶಿಯ ನಡುವೆ ಚುಚ್ಚಿಟ್ಟು ಐದು ನಿಮಿಷದ ಮೇಲೆ ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿರಬೇಕು. ಒಳಗಿನ ಸರಕನ್ನು ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು. ಧಾರೆಯಾಗಿ ಇಳಿದರೆ ನೀರು ಹೆಚ್ಚಾಗಿದೆ, ಅಂಥ ರಾಶಿ ನಾರುತ್ತದೆ. ಒಣ ಎಲೆ ಬೆರೆಸಿ ತಿರುವಿ ಹಾಕಬೇಕು. ಇರುವೆ ಗೂಡು ಕಟ್ಟಿದ್ದರೆ ನೀರು ಕಡಿಮೆ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ತಿರುವಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪಾಗಿ, ಮಳೆ ಬಿದ್ದ ನೆಲದ ವಾಸನೆ ಬರುವ ಗೊಬ್ಬರ ಸಿಗುತ್ತದೆ.

ನಿವೇಶನ ಚಿಕ್ಕದಾದ ಮನೆಗಳಿಗೆ ತಂತಿ ಜಾಲರಿಯ ಗೂಡು ಅನುಕೂಲ. ಮೂರು ಅಡಿ ಎತ್ತರದ ಜಾಲರಿಯನ್ನು ಹತ್ತು ಅಡಿ ಉದ್ದಕ್ಕೆ ಕತ್ತರಿಸಿ ತುದಿಗಳನ್ನು ಸೇರಿಸಿ ಕಟ್ಟಿದರೆ ಮೂರು ಅಡಿಗೂ ಸ್ವಲ್ಪ ಹೆಚ್ಚು ವ್ಯಾಸದ ಗೂಡಾಗುತ್ತದೆ. ಸುಮಾರು 24 ಘನ ಅಡಿ ಹಿಡಿಸುತ್ತದೆ. ತರಗೆಲೆ ಕುಸಿಯುತ್ತಾ ಹೋಗುವುದರಿಂದ ಒಂದು ಮನೆಯ ಅಂಗಳದ ಎಲೆ ತಿಂಗಳುಗಟ್ಟಲೆ ಇದರಲ್ಲಿಯೇ ಇಳಿಯುತ್ತದೆ. ಹಳೆಯ ಸೊಳ್ಳೆ ಜಾಲರಿ, ಬಿದಿರ ತಡಿಕೆ ಯಾವುದಾದರೂ ಆಗಬಹುದು. ರಾಶಿಯಾಗಲಿ ಗೂಡಾಗಲಿ ಮನೆಯ ಗೋಡೆಗೆ ತಾಗಬಾರದು, ನೆರಳಿನಲ್ಲಿರಬೇಕು, ಕುಡಿಯುವ ನೀರಿನ ಬಾವಿಯಿಂದ ದೂರವಾಗಿ ಅದಕ್ಕಿಂತ ತಗ್ಗಿನಲ್ಲಿರಬೇಕು.

ಮಳೆ ಹೆಚ್ಚಿರುವ ಮಲೆನಾಡಿನ ಅಂಚಿನಲ್ಲಿ ಗುಂಡಿ ತೋಡಿದರೆ ನೀರು ನಿಂತು ಕೆಸರಾಗುತ್ತದೆ. ಅಲ್ಲಿ ನೆಲದ ಮೇಲಿನ ರಾಶಿಯೇ ಸರಿ, ಮೇಲೆ ಗರಿಯ ಮುಚ್ಚಿಗೆ ಬೇಕು. ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧ: ರಾಶಿ ಬೇಗ ಒಣಗುವುದರಿಂದ ಗುಂಡಿ ಒಳ್ಳೆಯದು. ತಿರುವಿ ಹಾಕಲು ಆಳಿಲ್ಲದ ಮನೆಗೆ ‘ಬೆಂಗಳೂರು ವಿಧಾನ’ ಹೊಂದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಈ ಕ್ರಮದಲ್ಲಿ ಗುಂಡಿಯಲ್ಲಿ ಪದರಗಳನ್ನು ತುಂಬಿ ಮಣ್ಣಿನಿಂದ ಮುಚ್ಚಿ ಬಿಟ್ಟರೆ ಆರರಿಂದ ಎಂಟು ತಿಂಗಳಲ್ಲಿ ತಾನಾಗಿ ಮಾಗುತ್ತದೆ. ಸಗಣಿ ಕಡಿಮೆಯಿರುವವರಿಗಾಗಿ ಮಹಾರಾಷ್ಟ್ರದ ನಾರಾಯಣ ದೇವರಾವ್ ಪಾಂಢರಿಪಾಂಡೆ ಅವರು ರೂಪಿಸಿದ್ದು ನಾಡೆಪ್ ತೊಟ್ಟಿ. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ, ಗೋಡೆಯಲ್ಲಿ ಗಾಳಿಕಿಂಡಿಗಳಿರುವ ಈ ತೊಟ್ಟಿಗೆ ಸುಮಾರು 1,400 ಕಿಲೋ ಸೊಪ್ಪು ಸದೆಗೆ 100 ಕಿಲೋದಷ್ಟು ಸಗಣಿ ಸಾಕಾಗುತ್ತದೆ. ಉಳಿದದ್ದು ಮಣ್ಣು ಮತ್ತು ನೀರು. ಉದ್ಯೋಗ ಖಾತರಿ ಯೋಜನೆಯಲ್ಲಿ ಕಟ್ಟಲಾದ ಗೊಬ್ಬರದ ತೊಟ್ಟಿಗಳಲ್ಲಿ ಕೆಲವು ಈಗ ಸೌದೆ ಒಟ್ಟುವ ಜಾಗಗಳಾಗಿವೆ. ಹೊಸ ತೊಟ್ಟಿಗೆ ಕ್ರಿಯಾಯೋಜನೆ ಬರೆಯುವ ಮೊದಲು ವಾರ್ಡಿನಲ್ಲಿರುವ ಹಳೆಯ ತೊಟ್ಟಿಗಳನ್ನು ಎಣಿಸಿ ನೋಡುವುದು ಲೇಸು.

ಕೊಂಬಿನ ದುಂಬಿಯ ಎಚ್ಚರಿಕೆ

ತೆಂಗಿನ ಸೀಮೆಯ ಸದಸ್ಯರು ಈ ಭಾಗವನ್ನು ತಪ್ಪದೆ ಓದಬೇಕು. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆಯಿಡುವುದು ಮರದಲ್ಲಲ್ಲ, ಕೊಳೆಯುತ್ತಿರುವ ತಿಪ್ಪೆಯಲ್ಲಿ, ಗೊಬ್ಬರದ ರಾಶಿಯಲ್ಲಿ, ಬಿದ್ದು ಕೊಳೆತ ತೆಂಗಿನ ದಿಂಡಿನಲ್ಲಿ. ಬಿಳಿಯ, ಬಾಗಿದ, ಹೆಬ್ಬೆರಳು ಗಾತ್ರದ ಹುಳು ಹಲವು ತಿಂಗಳು ಅಲ್ಲಿಯೇ ಬೆಳೆದು ದುಂಬಿಯಾಗಿ ಹಾರಿ ಅಕ್ಕಪಕ್ಕದ ಮರಗಳ ಸುಳಿಗೆ ಇಳಿಯುತ್ತದೆ. ಬಿಚ್ಚಿದ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಕಾಣುವ ತ್ರಿಕೋನಾಕಾರದ ಕಡಿತ ಅದರ ಗುರುತು. ಸರಿಯಾಗಿ ನೋಡಿಕೊಳ್ಳದ ಗೊಬ್ಬರದ ರಾಶಿ ಮನೆಗೆ ಗೊಬ್ಬರ ಕೊಡುತ್ತಾ ಪಕ್ಕದವರ ತೆಂಗನ್ನು ತಿನ್ನಿಸಬಹುದು. ಹದಿನೈದು ದಿನಕ್ಕೊಮ್ಮೆ ತಿರುವಬೇಕೆಂದು ಹೇಳಿರುವುದು ಇದಕ್ಕಾಗಿಯೂ ಹೌದು. ತಿರುವುವಾಗ ಸಿಕ್ಕಿದ ಹುಳುಗಳನ್ನು ಕೋಳಿಗೆ ಹಾಕಬಹುದು. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿಯನ್ನು ತೇವವಿರುವ ರಾಶಿಗೆ ಬೆರೆಸಿದರೆ ಹುಳುಗಳಿಗೆ ರೋಗ ಹತ್ತಿ ಸಾಯುತ್ತವೆ. ಇದರ ಪ್ರಮಾಣ ಮತ್ತು ಲಭ್ಯತೆಯನ್ನು ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಸತ್ತ ತೆಂಗಿನ ದಿಂಡನ್ನು ಮಾತ್ರ ಹಿತ್ತಲಿನಲ್ಲಿ ಬಿಡಲೇಬಾರದು. ಸೀಳಿ ಒಣಗಿಸಿ ಸೌದೆ ಮಾಡಬೇಕು, ಇಲ್ಲವೇ ಮಾರಬೇಕು.

ರೋಗ ತಗುಲಿದ ಭಾಗಗಳದು ಬೇರೆ ನಿಯಮ. ಕಪ್ಪು ತಲೆ ಹುಳು ತೀವ್ರವಾಗಿ ಬಾಧಿಸಿದ ಗರಿ, ಅಣಬೆ ರೋಗದಿಂದ ಸತ್ತ ತೆಂಗಿನ ಬುಡ ಮತ್ತು ಬೇರು, ಕೊಳೆರೋಗದ ಅಡಿಕೆ ಗೊನೆ ಇವುಗಳನ್ನು ಪಾತಿಗೆ ಹಾಸಿದರೆ, ರಾಶಿಗೆ ಹಾಕಿದರೆ ರೋಗ ಉಳಿಯುತ್ತದೆ. ಇಂತಹವನ್ನು ಸುಡುವಂತೆ ತೋಟಗಾರಿಕೆ ಅಧಿಕಾರಿಗಳೇ ಸಲಹೆ ಕೊಡುವುದುಂಟು. ಅದು ತೋಟದೊಳಗೆ, ಮನೆ ಮತ್ತು ಬಣವೆಗಳಿಂದ ದೂರ, ಒಣಗಿಸಿದ ಮೇಲೆ, ನೀರು ಪಕ್ಕದಲ್ಲಿಟ್ಟುಕೊಂಡು ಆಗಬೇಕು. ಸುಡುವುದಕ್ಕೆ ಯಾವ ವಿನಾಯಿತಿಯೂ ಇಲ್ಲವೆಂದು ಸಭೆಯಲ್ಲಿ ಹೇಳಿಬಿಟ್ಟರೆ ರೋಗದ ಗರಿಯನ್ನು ಕೈಯಲ್ಲಿ ಹಿಡಿದ ರೈತನಿಗೆ ಮತ್ತೆ ಉತ್ತರವಿರುವುದಿಲ್ಲ. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುನ್ನ ಕಿತ್ತರೆ ರಾಶಿಗೆ ಹಾಕಬಹುದು, ಹೂ ಬಂದ ಮೇಲೆ ಬೇಡ.

ಹಿತ್ತಲಿಲ್ಲದ ಮನೆಗಳು

ಕಾಲೊನಿಗಳಲ್ಲಿ, ಹೊಸ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ಸೇರಿದ ಮನೆಗಳಿವೆ. ಮುಂದೊಂದು ದಾಸವಾಳ, ಒಂದು ನುಗ್ಗೆ, ಅಷ್ಟೆ. ಆದರೆ ಅದಕ್ಕೂ ಎಲೆ ಉದುರುತ್ತದೆ. ಇವರಿಗೆ ಹಿತ್ತಲಿನಲ್ಲಿ ಮಾಡಿ ಎನ್ನುವುದು ಅಪಹಾಸ್ಯ. ಇಂಥ ಬೀದಿಗೊಂದರಂತೆ ಜಾಲರಿ ಗೂಡನ್ನು ಪಂಚಾಯತಿಯ ಜಾಗದಲ್ಲಿ, ಶಾಲೆಯ ಕೈತೋಟದಲ್ಲಿ, ಉದ್ಯಾನವಿದ್ದರೆ ಅದರ ಮೂಲೆಯಲ್ಲಿ ಇರಿಸಬಹುದು. ಯಾರು ತಿರುವುತ್ತಾರೆ, ಗೊಬ್ಬರ ಯಾರಿಗೆ ಸೇರುತ್ತದೆ ಎಂಬ ಎರಡು ಮಾತುಗಳನ್ನು ಮೊದಲೇ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಗೂಡು ಮೂರು ತಿಂಗಳಲ್ಲಿ ಊರ ಕಸದ ತೊಟ್ಟಿಯಾಗುತ್ತದೆ. ಮರ ಸವರಿದ ದೊಡ್ಡ ಸರಕಿಗೆ ತಿಂಗಳಿಗೊಂದು ದಿನ ಟ್ರ್ಯಾಕ್ಟರ್ ಟ್ರೈಲರ್ ಗೊತ್ತು ಮಾಡಿ, ಮನೆಯವರು ಹಿಂದಿನ ಸಂಜೆಯೇ ಮೂರು ಅಡಿ ಉದ್ದಕ್ಕೆ ಕಡಿದು ಕಟ್ಟು ಕಟ್ಟಿ ಇಡತಕ್ಕದ್ದೆಂದು ಸಾರಿಸಬಹುದು. ಇದಕ್ಕೆ ಶುಲ್ಕ ಗೊತ್ತು ಮಾಡುವುದರಲ್ಲಿ ತಪ್ಪಿಲ್ಲ.

ಗರಿ ಕತ್ತರಿಸುವ ಯಂತ್ರ ಕೊಳ್ಳಬೇಕೆಂಬ ಬೇಡಿಕೆ ಹಲವು ಸಭೆಗಳಲ್ಲಿ ಬರುತ್ತದೆ. ಮೊದಲು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಿ, ಎರಡು ಮೂರು ತಿಂಗಳು ನಡೆಸಿ ನೋಡಿ, ಎಷ್ಟು ಗಂಟೆಯ ಕೆಲಸವಿದೆಯೆಂದು ದಾಖಲಿಸಿದ ಮೇಲೆ ಕೊಳ್ಳುವ ಯೋಚನೆ ಮಾಡುವುದು ಸರಿ. ಯಂತ್ರದ ಬೆಲೆಗಿಂತ ಅದನ್ನು ನಡೆಸುವವರ ಸುರಕ್ಷತೆ ದೊಡ್ಡದು. ಸೀರೆಯ ಸೆರಗು, ದುಪ್ಪಟ್ಟಾ, ಸಡಿಲ ತೋಳು ಯಂತ್ರದ ಬಾಯಿಗೆ ಸಿಕ್ಕರೆ ನಿಲ್ಲಿಸಲು ಸಮಯವಿರುವುದಿಲ್ಲ. ಮೇಲಂಗಿ, ಕೈಗವಸು, ಕನ್ನಡಕಗಳಿಲ್ಲದೆ ಒಕ್ಕೂಟದ ಮಹಿಳೆಯರನ್ನು ಯಂತ್ರದ ಮುಂದೆ ನಿಲ್ಲಿಸತಕ್ಕದ್ದಲ್ಲ.

ತಂತಿಯ ಕೆಳಗಿನ ಕೊಂಬೆಗಳು

ಏಪ್ರಿಲ್, ಮೇ ತಿಂಗಳಲ್ಲಿ ವಿದ್ಯುತ್ ಮಾರ್ಗಕ್ಕೆ ತಾಗುವ ಕೊಂಬೆಗಳನ್ನು ಸವರಲಾಗುತ್ತದೆ. ಸವರಿದವರು ಮುಂದಿನ ಕಂಬಕ್ಕೆ ಹೋಗುತ್ತಾರೆ, ಕೊಂಬೆ ಚರಂಡಿಯ ಮೇಲೆ ಉಳಿಯುತ್ತದೆ, ಮೊದಲ ದೊಡ್ಡ ಮಳೆಗೆ ಚರಂಡಿ ಕಟ್ಟಿ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಸದಸ್ಯರು ಮಾರ್ಚ್ ತಿಂಗಳಿನಲ್ಲಿಯೇ ಸ್ಥಳೀಯ ವಿದ್ಯುತ್ ಶಾಖೆಯೊಂದಿಗೆ ಮಾತನಾಡಿ ಸವರುವ ದಿನಾಂಕವನ್ನು ತಿಳಿದುಕೊಂಡರೆ ಅದೇ ದಿನ ಸೌದೆ ಬೇಕಾದವರಿಗೆ ಮತ್ತು ಟ್ರೈಲರಿಗೆ ಸುದ್ದಿ ಕೊಡಬಹುದು. ತಂತಿಯ ಹತ್ತಿರದ ಕೊಂಬೆಯನ್ನು ಮನೆಯವರೇ ಏರಿ ಕಡಿಯಲು ಬಿಡಬಾರದು. ಪೂರ್ತಿ ಮರ ಕಡಿಯುವ ವಿಷಯ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮಕ್ಕೆ ಒಳಪಟ್ಟಿದ್ದು, ಅದರ ಅನುಮತಿಗೆ ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು.

ವಾರ್ಡ್ ಸಭೆಗೆ ವಿಷಯವನ್ನು ಒಯ್ಯುವ ಮೊದಲು ಸದಸ್ಯರ ಸ್ವಂತ ಹಿತ್ತಲಿನಲ್ಲಿ ಒಂದು ರಾಶಿ ಬಿಸಿಯಾಗಿರಲಿ. ಕೇಳಿದವರಿಗೆ ಸಲಾಕೆ ಎಳೆದು ತೋರಿಸಬಹುದು. ಗ್ರಾಮ ಸಭೆಯಲ್ಲಿ ಮಂಡಿಸಲು ನಿರ್ಣಯದ ಮಾದರಿಯೊಂದನ್ನು ಕೆಳಗೆ ಕೊಡಲಾಗಿದೆ. ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

“ಗ್ರಾಮದ ಮನೆಗಳ ಸೊಪ್ಪು ಸದೆ, ತೆಂಗಿನ ಗರಿ ಮತ್ತು ತರಗೆಲೆಗಳನ್ನು ಆಯಾ ಮನೆಯ ಆವರಣದಲ್ಲಿಯೇ ಗೊಬ್ಬರ ಅಥವಾ ಪಾತಿಯ ಹೊದಿಕೆಯಾಗಿ ಬಳಸತಕ್ಕದ್ದು. ಆವರಣವಿಲ್ಲದ ಮನೆಗಳಿಗೆ ಬೀದಿಗೊಂದರಂತೆ ಗೊಬ್ಬರದ ಗೂಡನ್ನು ಪಂಚಾಯತಿಯಿಂದ ಒದಗಿಸತಕ್ಕದ್ದು. ದೊಡ್ಡ ಕೊಂಬೆಗಳ ಸಂಗ್ರಹಕ್ಕೆ ಪ್ರತಿ ತಿಂಗಳ ಮೊದಲ ಶನಿವಾರ ಟ್ರೈಲರ್ ಕಳುಹಿಸತಕ್ಕದ್ದು. ರೋಗಪೀಡಿತ ಭಾಗಗಳ ಹೊರತು, ಬೀದಿಯಲ್ಲಿ ಮತ್ತು ಚರಂಡಿಯ ಅಂಚಿನಲ್ಲಿ ಯಾವುದೇ ಸದೆಯನ್ನು ಸುಡತಕ್ಕದ್ದಲ್ಲ. ರೋಗಪೀಡಿತ ಭಾಗಗಳನ್ನು ತೋಟಗಾರಿಕೆ ಇಲಾಖೆಯ ಸಲಹೆಯಂತೆ ತೋಟದೊಳಗೆ ಮಾತ್ರ ನಾಶಪಡಿಸತಕ್ಕದ್ದು. ಮೊದಲ ಮೂರು ತಿಂಗಳು ತಿಳಿವಳಿಕೆ ನೀಡಿ, ಆ ನಂತರವೇ ದಂಡದ ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.”